ಚೀನೀ ಕವಿತೆ ಓದೋಕೆ ಶುರು ಮಾಡೋದು ಹೇಗೆ? ಚಂದ್ರನನ್ನು ಹಿಡಿದು ಹೊರಡಿ

ಚೀನೀ ಕವಿತೆ ಓದಬೇಕು ಅಂತ ಆಸೆ ಇರುವವರು ಸಾಮಾನ್ಯವಾಗಿ ಒಂದು ದಪ್ಪ ಸಂಕಲನ ತಂದು ಮೊದಲ ಪುಟದಿಂದ ಶುರು ಮಾಡುತ್ತಾರೆ. ಮೂವತ್ತು ನಲವತ್ತು ಪುಟ ಆಗುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಬೆಟ್ಟ, ನದಿ, ಚಂದ್ರ, ಹೆಂಡ, ದೂರದ ಗೆಳೆಯ. ಮತ್ತೆ ಬೆಟ್ಟ, ಮತ್ತೆ ನದಿ. ಪುಸ್ತಕ ಕಪಾಟು ಸೇರುತ್ತದೆ.

ತೊಂದರೆ ಇರುವುದು ಓದುವ ಕ್ರಮದಲ್ಲಿ. ಚೀನೀ ಕವಿಗಳು ಬೇಕೆಂದೇ ಹಳೆಯ ವಸ್ತುವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಹಿಂದಿನವರು ಏನು ಬರೆದಿದ್ದರು ಅಂತ ಓದುಗರಿಗೆ ಗೊತ್ತಿರುತ್ತದೆ ಅನ್ನುವ ಧೈರ್ಯದಿಂದಲೇ ಬರೆಯುತ್ತಾರೆ. ಹಾಗಾಗಿ ಅಲ್ಲಿನ ಹೊಸತನ ಕಣ್ಣಿಗೆ ಬೀಳಬೇಕಾದರೆ ಒಂದೇ ವಸ್ತುವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾಲವನ್ನು ಬದಲಿಸುತ್ತಾ ಹೋಗಬೇಕು. ನಾನು ಚಂದ್ರನನ್ನು ಆರಿಸಿದ್ದೇನೆ. ಎರಡೂವರೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲ, ಹನ್ನೆರಡರ ಆಸುಪಾಸಿನ ಕವಿತೆಗಳು. ದಿನಕ್ಕೊಂದು ಓದಿದರೂ ಎರಡು ವಾರದಲ್ಲಿ ಮುಗಿಯುತ್ತದೆ. ಆದರೆ ಅವಸರ ಮಾಡಬೇಡಿ.

ಹೊರಡುವ ಮುಂಚೆ

ಚೀನೀ ಭಾಷೆ ಬರಲೇಬೇಕು ಅಂತಿಲ್ಲ. ಪ್ರತಿ ಅಕ್ಷರದ ಕೆಳಗೆ ಒಂದೊಂದು ಅರ್ಥ ಕೊಟ್ಟಿರುವ ಪದಪದದ ಅನುವಾದಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಹಳೆಯ ಕವಿತೆಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ, ಮೂಲ ಪಾಠ ಪುಕ್ಕಟೆ ಸಿಗುತ್ತದೆ. ಹುಡುಕುವಾಗ ಒಂದು ವಿಷಯ ನೆನಪಿರಲಿ. ಕವಿಗಳ ಹೆಸರನ್ನು ಬರೆಯುವ ರೀತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಇಂಗ್ಲಿಷ್ ಪುಸ್ತಕಗಳ ಲಿ ಪೋ ಮತ್ತು ಈಗಿನ ಲಿ ಬಾಯ್ ಒಬ್ಬನೇ. ತು ಫು, ದು ಫು ಒಬ್ಬನೇ. ಎರಡೂ ಬಗೆಯಲ್ಲಿ ಹುಡುಕಿ.

ಪ್ರತಿ ಕವಿತೆಗೂ ಕನಿಷ್ಠ ಎರಡು ಅನುವಾದ ಇಟ್ಟುಕೊಳ್ಳಿ, ಒಂದರ ಮೇಲೇ ಭಾರ ಹಾಕಬೇಡಿ. ಇಂಗ್ಲಿಷಿನಲ್ಲಿ ಚೀನೀ ಕವಿತೆಗೆ ದೊಡ್ಡ ಹೆಸರು ತಂದುಕೊಟ್ಟ ಎಜ್ರಾ ಪೌಂಡ್ 1915ರಲ್ಲಿ ತನ್ನ ಅನುವಾದಗಳನ್ನು ಪ್ರಕಟಿಸಿದಾಗ ಅವನಿಗೆ ಚೀನೀ ಭಾಷೆ ಬರುತ್ತಿರಲಿಲ್ಲ. ಬೇರೊಬ್ಬ ವಿದ್ವಾಂಸ ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಮಾಡಿದ ಕೆಲಸ ಅದು. ಕವಿತೆಗಳಾಗಿ ಅವು ಬಹಳ ಚೆನ್ನಾಗಿವೆ. ಆದರೆ ಮೂಲದಲ್ಲಿ ಏನಿತ್ತು ಅಂತ ತಿಳಿಯಲು ಅವಷ್ಟೇ ಸಾಲವು.

ಜೊತೆಗೆ ಒಂದು ನೋಟ್‌ಬುಕ್ ಬೇಕು. ಪ್ರತಿ ಕವಿತೆ ಓದಿದ ಮೇಲೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಇಲ್ಲಿ ಚಂದ್ರ ಏನು ಕೆಲಸ ಮಾಡುತ್ತಿದ್ದಾನೆ? ನೋಡುತ್ತಿರುವವರು ಯಾರು? ಹಿಂದಿನ ಕವಿತೆಯಲ್ಲಿ ಇಲ್ಲದ್ದು ಇಲ್ಲಿ ಏನಿದೆ? ಇಡೀ ಮಾರ್ಗದರ್ಶಿ ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆ.

ಹೆಜ್ಜೆ 1: ಇಪ್ಪತ್ತು ಅಕ್ಷರದಿಂದ ಶುರು ಮಾಡಿ

ಮೊದಲ ಕವಿತೆ ಲಿ ಬಾಯ್‌ನದ್ದು (701–762). ನಿಶ್ಶಬ್ದ ರಾತ್ರಿಯ ಯೋಚನೆ ಅಂತ ಹೆಸರು. ಚೀನಾದ ಶಾಲೆಗೆ ಹೋದ ಮಗು ಅಂದಮೇಲೆ ಇದು ಬಾಯಿಪಾಠ ಇರುತ್ತದೆ. ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ, ಪ್ರತಿ ಅಕ್ಷರವೂ ಒಂದೊಂದು ಪದ. ಪದಪದವಾಗಿ ಇಟ್ಟರೆ ಹೀಗಿರುತ್ತದೆ:

ಹಾಸಿಗೆ, ಮುಂದೆ, ಬೆಳಗುವ, ಚಂದ್ರ, ಬೆಳಕು.
ಅನುಮಾನ, ಇದು, ನೆಲ, ಮೇಲೆ, ಹಿಮ.
ಎತ್ತು, ತಲೆ, ನೋಡು, ಬೆಳಗುವ, ಚಂದ್ರ.
ತಗ್ಗಿಸು, ತಲೆ, ನೆನೆ, ಹಳೆಯ, ಊರು.

ಇಲ್ಲಿ ‘ನಾನು’ ಎಲ್ಲಿದೆ ಅಂತ ಹುಡುಕಿ. ಇಲ್ಲ. ಇಂಗ್ಲಿಷ್ ಅನುವಾದಗಳಲ್ಲಿ ಅದು ಮೂರು ನಾಲ್ಕು ಸಲ ಬಂದುಬಿಡುತ್ತದೆ, ಯಾಕೆಂದರೆ ಆ ಭಾಷೆಗೆ ಕರ್ತೃ ಇಲ್ಲದೆ ನಡೆಯುವುದಿಲ್ಲ. ನಮ್ಮ ಕ್ರಿಯಾಪದವೂ ‘ನೋಡಿದೆ’ ಅಂದ ತಕ್ಷಣ ಆಳನ್ನು ತೋರಿಸಿಬಿಡುತ್ತದೆ. ಆದರೆ ಕನ್ನಡದಲ್ಲಿ ಒಂದು ದಾರಿ ಇದೆ: ‘ತಲೆ ಎತ್ತಿ, ಬೆಳಗುವ ಚಂದ್ರನ ನೋಡಿ, ತಲೆ ತಗ್ಗಿಸಿ, ಹಳೆಯ ಊರ ನೆನೆದು’ ಅಂತ ಕ್ರಿಯೆಯನ್ನು ಮುಗಿಸದೆ ಬಿಟ್ಟರೆ ಯಾರು ಅನ್ನುವುದು ತೆರೆದೇ ಇರುತ್ತದೆ, ಓದುವವರೇ ಆ ಜಾಗದಲ್ಲಿ ನಿಲ್ಲಬಹುದು. ನೀವೇ ಒಮ್ಮೆ ಅನುವಾದ ಮಾಡಿ ನೋಡಿ. ಕವಿತೆಯ ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಆಮೇಲೆ ಯೂಟ್ಯೂಬ್‌ನಲ್ಲಿ ಇದನ್ನು ಕೇಳಿ. ಮೊದಲನೇ, ಎರಡನೇ, ನಾಲ್ಕನೇ ಸಾಲಿನ ಕೊನೆಯಲ್ಲಿ ಗುವಾಂಗ್, ಶುವಾಂಗ್, ಶಿಯಾಂಗ್ ಅಂತ ಪ್ರಾಸ ಬರುತ್ತದೆ, ಮೂರನೆಯದರಲ್ಲಿ ಬರುವುದಿಲ್ಲ. ಆ ಸಾಲಿನಲ್ಲಿ ತಲೆ ಮೇಲೆದ್ದಿರುತ್ತದೆ, ಮುಂದಿನ ಸಾಲಿನಲ್ಲಿ ತಗ್ಗಿದಾಗ ಪ್ರಾಸ ವಾಪಸ್ ಬರುತ್ತದೆ. ಕೇಳುವಾಗ ಇದು ಕಿವಿಗೇ ಗೊತ್ತಾಗುತ್ತದೆ.

ಇದೇ ಕವಿಯ ‘ಚಂದ್ರನಡಿ ಒಬ್ಬನೇ ಕುಡಿಯುತ್ತಾ’ ಕೂಡ ಓದಿಬಿಡಿ. ಹೂಗಳ ನಡುವೆ ಒಂದು ಹೂಜಿ ಹೆಂಡ, ಜೊತೆಗೆ ಯಾರೂ ಇಲ್ಲ. ಬಟ್ಟಲು ಎತ್ತಿ ಚಂದ್ರನನ್ನು ಕರೆಯುತ್ತಾನೆ, ನೆರಳೂ ಸೇರಿ ಮೂವರಾಗುತ್ತಾರೆ. ಮೊದಲ ಕವಿತೆಯಲ್ಲಿ ಊರನ್ನು ನೆನಪಿಸಿದ ಚಂದ್ರ ಇಲ್ಲಿ ಕುಡಿಯಲು ಜೊತೆಯಾದವನು. ಒಬ್ಬನೇ ಕವಿ, ಒಂದೇ ಚಂದ್ರ, ಕೆಲಸ ಬೇರೆ.

ಹೆಜ್ಜೆ 2: ಸ್ವಲ್ಪ ಹಿಂದೆ ಹೋಗಿ

ಲಿ ಬಾಯ್‌ಗಿಂತ ಮೊದಲು ಏನಿತ್ತು ಅಂತ ನೋಡಬೇಕಲ್ಲ. ಚೀನಾದ ಅತಿ ಹಳೆಯ ಕಾವ್ಯಸಂಗ್ರಹ ‘ಶಿ ಜಿಂಗ್’. ಸುಮಾರು ಕ್ರಿ.ಪೂ. 11ರಿಂದ 7ನೇ ಶತಮಾನದ ನಡುವಿನ 305 ಹಾಡುಗಳು, ಹೆಚ್ಚಿನವು ಸಾಲಿಗೆ ನಾಲ್ಕು ಅಕ್ಷರದವು. ಅದರಲ್ಲಿ ಚೆನ್ ಪ್ರಾಂತ್ಯದ ಹಾಡುಗಳ ನಡುವೆ ‘ಚಂದ್ರ ಹುಟ್ಟಿದ’ ಅನ್ನುವ ಪುಟ್ಟ ಹಾಡು ಇದೆ. ಚಂದ್ರ ಬೆಳ್ಳಗೆ ಹುಟ್ಟಿದ, ಆ ಚೆಲುವೆ ಎಷ್ಟು ಚೆಂದ, ನನ್ನ ಎದೆ ಕುದಿಯುತ್ತಿದೆ. ಇಷ್ಟೇ. ಮೂರು ನುಡಿ, ಮೂರಕ್ಕೂ ಒಂದೇ ಅಚ್ಚು, ಕೆಲವು ಪದ ಮಾತ್ರ ಬದಲು. ನಿಸರ್ಗದ ಒಂದು ಚಿತ್ರದಿಂದ ಶುರು ಮಾಡಿ, ‘ಹಾಗೆ’ ‘ಅದರಂತೆ’ ಅನ್ನದೆ ನೇರವಾಗಿ ಮನಸ್ಸಿನ ಮಾತಿಗೆ ಜಿಗಿಯುವುದು ಈ ಹಾಡುಗಳ ಕ್ರಮ. ಎರಡರ ನಡುವೆ ಸೇತುವೆ ಕಟ್ಟುವ ಕೆಲಸ ಕೇಳುವವರದ್ದು. ಈ ಅಭ್ಯಾಸ ಚೀನೀ ಕಾವ್ಯವನ್ನು ಇವತ್ತಿನವರೆಗೂ ಬಿಟ್ಟಿಲ್ಲ.

ಆಮೇಲೆ ತಾಂಗ್ ಕಾಲದ (618–907) ಆರಂಭಕ್ಕೆ ಬನ್ನಿ. ಝಾಂಗ್ ರುವೋಶು ಅನ್ನುವ ಕವಿಯ ಎರಡೇ ಎರಡು ಕವಿತೆ ಉಳಿದಿವೆ. ಅದರಲ್ಲೊಂದು ‘ವಸಂತ, ನದಿ, ಹೂವು, ಚಂದ್ರ, ರಾತ್ರಿ’. ಮೂವತ್ತಾರು ಸಾಲಿನ ಈ ಕವಿತೆಯ ನಡುವೆ ಅವನು ಕೇಳುತ್ತಾನೆ: ಈ ನದಿಯ ದಡದಲ್ಲಿ ಚಂದ್ರನನ್ನು ಮೊದಲು ನೋಡಿದವರು ಯಾರು? ಈ ಚಂದ್ರ ಮನುಷ್ಯರ ಮೇಲೆ ಮೊದಲು ಬೆಳಕು ಚೆಲ್ಲಿದ್ದು ಯಾವ ವರ್ಷ? ಪ್ರೇಮದ ಹಾಡಿನ ಚಂದ್ರ ಇಲ್ಲಿ ಕಾಲದ ಬಗ್ಗೆ ಪ್ರಶ್ನೆ ಕೇಳಿಸುತ್ತಿದ್ದಾನೆ. ನಿಮ್ಮ ಮೂರನೇ ಪ್ರಶ್ನೆಗೆ ಇಲ್ಲಿ ಸುಲಭವಾಗಿ ಉತ್ತರ ಸಿಗುತ್ತದೆ.

ಹೆಜ್ಜೆ 3: ದು ಫು ಹತ್ತಿರ ನಿಂತುಬಿಡಿ

ಈ ದಾರಿಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ದು ಫುವಿನ (712–770) ‘ಚಂದ್ರನ ರಾತ್ರಿ’ ಓದುವ ಮುಂಚೆ ಅದರ ಸಂದರ್ಭ ತಿಳಿದುಕೊಳ್ಳಿ, ಯಾಕೆಂದರೆ ಅವನ ಕವಿತೆಗಳಿಗೆ ತಾರೀಖು, ಊರು ಎರಡೂ ಬೇಕು. 755ರಲ್ಲಿ ಆನ್ ಲುಶಾನ್ ಅನ್ನುವ ಸೇನಾಪತಿ ದಂಗೆ ಎದ್ದ. ಮರುವರ್ಷ ರಾಜಧಾನಿ ಚಾಂಗ್‌ಆನ್ ದಂಗೆಕೋರರ ಕೈಸೇರಿತು. ದು ಫು ಅವರ ಸೆರೆಯಾಗಿ ಅಲ್ಲೇ ಉಳಿಯಬೇಕಾಯಿತು. ಹೆಂಡತಿ ಮಕ್ಕಳು ಉತ್ತರದ ಫುಝೌನಲ್ಲಿ.

ಹಿಂದಿನ ಕವಿತೆಗಳ ದಾರಿ ಹಿಡಿದಿದ್ದರೆ ಅವನು ಚಂದ್ರನನ್ನು ನೋಡಿ ಹೆಂಡತಿಯನ್ನು ನೆನೆಯಬೇಕಿತ್ತು. ಅವನು ಹಾಗೆ ಬರೆಯಲಿಲ್ಲ. ಈ ರಾತ್ರಿ ಫುಝೌದ ಚಂದ್ರನನ್ನು ಅವಳು ಒಬ್ಬಳೇ ನೋಡುತ್ತಿದ್ದಾಳೆ ಅಂತ ಶುರು ಮಾಡಿದ. ಕವಿಯ ಕಣ್ಣು ಇರುವುದು ಚಾಂಗ್‌ಆನ್‌ನಲ್ಲಿ, ಕವಿತೆಯ ಕಣ್ಣು ಫುಝೌದಲ್ಲಿ. ಮಕ್ಕಳು ಪಾಪ ಚಿಕ್ಕವು, ಚಾಂಗ್‌ಆನ್‌ನಲ್ಲಿರುವ ಅಪ್ಪನನ್ನು ನೆನೆಯುವುದು ಅಂದರೇನು ಅಂತಲೂ ಗೊತ್ತಿಲ್ಲ. ಅಂದರೆ ಅವಳು ಮಕ್ಕಳ ಜೊತೆಗಿದ್ದೂ ಒಬ್ಬಳೇ. ಮಂಜಿಗೆ ಅವಳ ಕೂದಲು ಒದ್ದೆಯಾಗಿದೆ, ಬೆಳದಿಂಗಳಲ್ಲಿ ತೋಳು ತಣ್ಣಗಾಗಿದೆ. ಎಷ್ಟು ಹೊತ್ತಿನಿಂದ ಹೊರಗೆ ನಿಂತಿದ್ದಾಳೆ ಅಂತ ಅವನು ಹೇಳುವುದಿಲ್ಲ, ಕೂದಲು ಹೇಳುತ್ತದೆ. ಕೊನೆಗೆ, ಪರದೆಯ ಪಕ್ಕ ಒರಗಿ ನಿಂತು, ಇಬ್ಬರ ಮೇಲೂ ಬೆಳಕು ಬಿದ್ದು, ಕಣ್ಣೀರಿನ ಗುರುತು ಆರುವುದು ಯಾವಾಗ ಅಂತ ಕೇಳುತ್ತಾನೆ. ಎರಡನೇ ಸಾಲಿನ ‘ಒಬ್ಬಳೇ’ ಕೊನೆಯ ಸಾಲಿನಲ್ಲಿ ‘ಇಬ್ಬರು’ ಆಗುತ್ತದೆ. ನಲವತ್ತೇ ಅಕ್ಷರ.

ಈ ಅಚ್ಚಿನ ಹೆಸರು ಲ್ಯು ಶಿ. ಎಂಟು ಸಾಲು, ಸಾಲಿಗೆ ಐದು ಅಥವಾ ಏಳು ಅಕ್ಷರ, ದನಿಯ ಏರಿಳಿತಕ್ಕೆ ಕಟ್ಟುನಿಟ್ಟಾದ ನಿಯಮ (ಚೀನೀ ಭಾಷೆಯಲ್ಲಿ ದನಿ ಏರಿಸಿ ಇಳಿಸಿ ಹೇಳಿದರೆ ಪದದ ಅರ್ಥವೇ ಬದಲಾಗುತ್ತದೆ). ನಡುವಿನ ಎರಡು ಜೋಡಿ ಸಾಲುಗಳಲ್ಲಿ ಪದಕ್ಕೆ ಪದ ಎದುರುಬದುರು ನಿಲ್ಲಬೇಕು. ಈ ಕವಿತೆಯ ಮೂರನೇ ಜೋಡಿ ನೋಡಿ: ಮಂಜಿಗೆ ಎದುರು ಬೆಳಕು, ಕೂದಲಿಗೆ ಎದುರು ತೋಳು, ಒದ್ದೆಗೆ ಎದುರು ತಣ್ಣಗೆ. ಮಕ್ಕಳ ವಿಷಯದ ಎರಡನೇ ಜೋಡಿಯಲ್ಲಿ ಮಾತ್ರ ದು ಫು ಈ ನಿಯಮವನ್ನು ಸಡಿಲ ಬಿಟ್ಟಿದ್ದಾನೆ. ಮಾತು ಅಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸುಮ್ನೆ ಹರಿದುಹೋಗುತ್ತದೆ. ನಿಯಮ ಗೊತ್ತಿದ್ದರೆ ಎಲ್ಲಿ ಮುರಿದಿದ್ದಾನೆ ಅನ್ನುವುದೂ ಕಾಣುತ್ತದೆ. ನಿಯಮ ಕಲಿಯಿರಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ.

ದನಿಯ ನಿಯಮಗಳ ಬಗ್ಗೆ ಒಂದು ಮಾತು. ತಾಂಗ್ ಕಾಲಕ್ಕಿಂತ ಮೊದಲೇ, 5ನೇ ಶತಮಾನದ ಕೊನೆಯಲ್ಲಿ, ಶೆನ್ ಯುಯೆ ಅನ್ನುವ ಕವಿ ಮತ್ತು ಅವನ ಗೆಳೆಯರು ಚೀನೀ ಭಾಷೆಯ ನಾಲ್ಕು ದನಿಗಳನ್ನು ಗುರುತಿಸಿ ಕವಿತೆಗೆ ನಿಯಮ ಕಟ್ಟತೊಡಗಿದರು. ಬೌದ್ಧ ಸೂತ್ರಗಳ ಸಂಸ್ಕೃತ ಪಠಣ ಕೇಳಿ, ಸಂಸ್ಕೃತ ಛಂದಸ್ಸಿನ ಪರಿಚಯ ಆಗಿ ಈ ಎಚ್ಚರ ಹುಟ್ಟಿತು ಅಂತ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಗುರು ಲಘು ಎಣಿಸಿ ಅಭ್ಯಾಸ ಇರುವ ನಮಗೆ ಇದು ತಿಳಿದಿರಬೇಕಾದ ವಿಷಯ.

ಹೆಜ್ಜೆ 4: ಹಾಡಾಗಿ ಕೇಳಿ

ತಾಂಗ್ ಆದಮೇಲೆ ಸಾಂಗ್ ಕಾಲ (960–1279). ಆಗ ಬೆಳೆದ ಪ್ರಕಾರ ‘ತ್ಸ್’. ಮೊದಲು ಮಟ್ಟು ಇರುತ್ತದೆ, ಅದಕ್ಕೆ ತಕ್ಕಂತೆ ಕವಿ ಪದ ಕೂರಿಸುತ್ತಾನೆ. ಹಾಗಾಗಿ ಸಾಲುಗಳು ಒಂದು ಉದ್ದ, ಒಂದು ಗಿಡ್ಡ. ಮೇಲಿರುವ ಹೆಸರು ಎಷ್ಟೋ ಸಲ ಮಟ್ಟಿನದ್ದು ಮಾತ್ರ, ಕವಿತೆಯ ವಿಷಯಕ್ಕೂ ಅದಕ್ಕೂ ಸಂಬಂಧ ಇರಬೇಕಿಲ್ಲ. ಇದು ಗೊತ್ತಿಲ್ಲದೆ ಓದಿದರೆ ಗೊಂದಲ ಆಗುತ್ತದೆ.

ಮೂವರನ್ನು ಓದಿ. ಮೊದಲನೆಯವನು ಲಿ ಯೂ (937–978), ದಕ್ಷಿಣ ತಾಂಗ್ ರಾಜ್ಯದ ಕೊನೆಯ ದೊರೆ. ರಾಜ್ಯ ಕಳೆದುಕೊಂಡು ಸಾಂಗ್ ರಾಜಧಾನಿಯಲ್ಲಿ ಬಂಧನದಲ್ಲಿದ್ದಾಗ ಬರೆದದ್ದು: ಬೆಳದಿಂಗಳಲ್ಲಿ ಕಳೆದುಹೋದ ರಾಜ್ಯದ ಕಡೆ ತಿರುಗಿ ನೋಡುವುದು ತಡೆಯಲಾಗದು. ದುಃಖ ಎಷ್ಟು ಅಂದರೆ ಪೂರ್ವಕ್ಕೆ ಹರಿಯುವ ವಸಂತದ ನದಿಯಷ್ಟು.

ಎರಡನೆಯವನು ಸು ಶಿ (1037–1101). 1076ರ ಶರತ್ಕಾಲದ ಹುಣ್ಣಿಮೆ ಹಬ್ಬದ ರಾತ್ರಿ ಬೆಳಗಿನವರೆಗೆ ಕುಡಿದು, ವರ್ಷಗಳಿಂದ ಕಾಣದ ತಮ್ಮ ಸು ಝೆಯನ್ನು ನೆನೆದು ಬರೆದ. ಚಂದ್ರ ಯಾವಾಗಿನಿಂದ ಇದ್ದಾನೆ ಅಂತ ಬಟ್ಟಲು ಹಿಡಿದು ಆಕಾಶವನ್ನೇ ಕೇಳುತ್ತಾನೆ. ಬಟ್ಟಲು ಲಿ ಬಾಯ್‌ನದ್ದು, ಪ್ರಶ್ನೆ ಝಾಂಗ್ ರುವೋಶುವಿನದ್ದು, ಗುರುತು ಹತ್ತಿತಾ? ಆಮೇಲೆ ಚಂದ್ರನ ಮೇಲೆ ಸ್ವಲ್ಪ ಸಿಟ್ಟಾಗುತ್ತಾನೆ, ಜನ ಅಗಲಿರುವಾಗಲೇ ನೀನು ಯಾಕೆ ಇಷ್ಟು ದುಂಡಗಿರುತ್ತೀ ಅಂತ. ಕೊನೆಗೆ ಸಮಾಧಾನ: ಮನುಷ್ಯರಿಗೆ ಸೇರುವುದು ಅಗಲುವುದು ಇದೆ, ಚಂದ್ರನಿಗೆ ತುಂಬುವುದು ಸವೆಯುವುದು ಇದೆ. ಎಲ್ಲರೂ ಬಹುಕಾಲ ಬಾಳಲಿ, ಸಾವಿರ ಹರದಾರಿ ದೂರವಿದ್ದರೂ ಇದೇ ಚೆಲುವನ್ನು ಹಂಚಿಕೊಳ್ಳೋಣ. ತ್ಸ್ ಅಂದರೆ ಹೆಚ್ಚಾಗಿ ಪ್ರೇಮ, ವಿರಹ ಅಂತ ಇದ್ದ ಕಾಲದಲ್ಲಿ ಅಣ್ಣತಮ್ಮಂದಿರ ಪ್ರೀತಿ, ಇತಿಹಾಸ, ಜೀವನದ ವಿಚಾರ ಎಲ್ಲವನ್ನೂ ಅದರೊಳಗೆ ತಂದವನು ಇವನು. ಈ ಪದಗಳಿಗೆ ಹೊಸ ರಾಗ ಹಾಕಿ ತೈವಾನಿನ ಗಾಯಕಿ ತೆರೇಸಾ ಟೆಂಗ್ 1983ರಲ್ಲಿ ಹಾಡಿದ್ದಾರೆ. ಖಂಡಿತ ಕೇಳಿ.

ಮೂರನೆಯವಳು ಲಿ ಚಿಂಗ್‌ಝಾವ್ (1084–ಸುಮಾರು 1155). ಗಂಡ ದೂರ ಹೋದಾಗಿನ ಕವಿತೆಯಲ್ಲಿ ಪಶ್ಚಿಮದ ಉಪ್ಪರಿಗೆ ತುಂಬಾ ಬೆಳದಿಂಗಳು, ಪತ್ರ ತರಬೇಕಾದ ಬಾತುಗಳು ಆಕಾಶದಲ್ಲಿ. ಅಲ್ಲಿಯವರೆಗೆ ಉಪ್ಪರಿಗೆಯಲ್ಲಿ ಕಾಯುವ ಹೆಂಗಸಿನ ದನಿಯಲ್ಲಿ ಬರೆದವರಲ್ಲಿ ಹೆಚ್ಚಿನವರು ಗಂಡಸರು. ಇಲ್ಲಿ ಬರೆಯುತ್ತಿರುವುದು ಕಾಯುತ್ತಿರುವವಳೇ. ಎರಡನೇ ಪ್ರಶ್ನೆಗೆ ನೀವು ಬರೆಯುವ ಉತ್ತರ ಪೂರ್ತಿ ಬದಲಾಗುತ್ತದೆ. ಅವಳ ಇನ್ನೊಂದು ಕವಿತೆ ಹದಿನಾಲ್ಕು ಅಕ್ಷರಗಳ ಜೋಡಿಪದಗಳಿಂದಲೇ ಶುರುವಾಗುತ್ತದೆ, ಹುಡುಕಿ ಹುಡುಕಿ, ತಣ್ಣಗೆ ತಣ್ಣಗೆ ಅನ್ನುವ ಹಾಗೆ. ಮಾತಿನಲ್ಲೇ ಪದ ಜೋಡಿಸುವ ಕನ್ನಡಕ್ಕೆ ಇದು ಬಹಳ ಹತ್ತಿರ.

ಹೆಜ್ಜೆ 5: 1917ಕ್ಕೆ ಜಿಗಿಯಿರಿ

ನಡುವಿನ ಶತಮಾನಗಳನ್ನು ಸದ್ಯಕ್ಕೆ ಬಿಡಬಹುದು. ಓದುವುದಕ್ಕೆ ಬೇಕಾದಷ್ಟಿದೆ, ಆದರೆ ಅಚ್ಚುಗಳು ಹೆಚ್ಚು ಬದಲಾಗಲಿಲ್ಲ.

1905ರಲ್ಲಿ ಸಾಮ್ರಾಜ್ಯದ ಅಧಿಕಾರಿ ಪರೀಕ್ಷೆಗಳು ರದ್ದಾದವು. ಹಳೆಯ ಗ್ರಾಂಥಿಕ ಭಾಷೆಯನ್ನು ಹಿಡಿದು ನಿಲ್ಲಿಸಿದ್ದ ದೊಡ್ಡ ಕಂಬ ಅದು. 1917ರ ಜನವರಿಯಲ್ಲಿ, ಅಮೆರಿಕದಲ್ಲಿ ಓದುತ್ತಿದ್ದ ಹು ಶಿ ಅವರು ಹೊಸ ಸಾಹಿತ್ಯಕ್ಕೆ ಎಂಟು ಸಲಹೆ ಕೊಟ್ಟು ಒಂದು ಲೇಖನ ಪ್ರಕಟಿಸಿದರು. ಹಿಂದಿನವರ ಅನುಕರಣೆ ಬೇಡ. ನೋವಿಲ್ಲದೆ ನರಳಬೇಡಿ. ಹಳೆಯ ಕತೆಗಳ ಉಲ್ಲೇಖ ಬೇಡ. ಎದುರುಬದುರು ಸಾಲಿನ ಕಟ್ಟು ಬೇಡ. ಆಡುಮಾತಿಗೆ ಹೆದರಬೇಡಿ. ಮೂರನೇ ಹೆಜ್ಜೆಯಲ್ಲಿ ಕಲಿತದ್ದನ್ನು ಈ ಪಟ್ಟಿಯ ಪಕ್ಕ ಇಡಿ. ಏನೇನು ಒಡೆಯಲು ಹೊರಟಿದ್ದರು ಅಂತ ಆಗಲೇ ಪೂರ್ತಿ ಅರ್ಥವಾಗುವುದು. 1920ರಲ್ಲಿ ಅವರ ಆಡುಭಾಷೆಯ ಕವನಸಂಕಲನ ಬಂತು. ನನ್ನ ಅಭಿಪ್ರಾಯ ಕೇಳಿದರೆ ಅವರ ವಾದ ಅವರ ಕವಿತೆಗಿಂತ ದೊಡ್ಡದು.

ಕವಿತೆಗೆ ಗುವೋ ಮೋರುವೋ ಅವರನ್ನು ಓದಿ. ಗ್ರಹಣ ಆದಾಗ ಆಕಾಶದ ನಾಯಿ ಚಂದ್ರನನ್ನು ತಿನ್ನುತ್ತದೆ ಅನ್ನುವುದು ಚೀನಾದ ಹಳೆಯ ನಂಬಿಕೆ. 1920ರ ಕವಿತೆಯಲ್ಲಿ ಅವರು ತಾನೇ ಆ ನಾಯಿ ಅನ್ನುತ್ತಾರೆ, ಚಂದ್ರನನ್ನು ನುಂಗಿದೆ, ಸೂರ್ಯನನ್ನು ನುಂಗಿದೆ, ಇಡೀ ವಿಶ್ವವನ್ನೇ ನುಂಗಿದೆ, ಈಗ ನಾನು ನಾನೇ ಅನ್ನುತ್ತಾರೆ. ಹೆಚ್ಚುಕಡಿಮೆ ಪ್ರತಿ ಸಾಲೂ ‘ನಾನು’ ಅಂತ ಶುರು. ಈಗ ಮೊದಲ ಹೆಜ್ಜೆಯ ಇಪ್ಪತ್ತು ಅಕ್ಷರ ಮತ್ತೆ ಓದಿ. ಅಲ್ಲಿ ಒಂದೂ ಇಲ್ಲದ ‘ನಾನು’ ಇಲ್ಲಿ ಉಕ್ಕಿ ಬಂದಿದೆ. ಹೊಸತನ ಅನ್ನುವುದನ್ನು ಬೆರಳಿಟ್ಟು ತೋರಿಸಬಹುದಾದ ಜಾಗ ಇದು.

ಹೊಸ ಕಾವ್ಯಕ್ಕೆ ಹೊರಗಿನಿಂದಲೂ ನೀರು ಬಂತು. ಗುವೋ ಅವರಿಗೆ ಅಮೆರಿಕದ ಕವಿ ವಾಲ್ಟ್ ವಿಟ್ಮನ್, ಬಿಂಗ್ ಶಿನ್ ಅವರಿಗೆ ನಮ್ಮ ರವೀಂದ್ರನಾಥ ಟ್ಯಾಗೋರ್. 1923ರಲ್ಲಿ ಬಂದ ಬಿಂಗ್ ಶಿನ್ ಅವರ ಎರಡು ಸಂಕಲನಗಳ ಪುಟ್ಟ ಪುಟ್ಟ ಕವಿತೆಗಳು ಟ್ಯಾಗೋರರ ಕಿರುಗವಿತೆಗಳನ್ನು ಓದಿದ ಮೇಲೆ ಹುಟ್ಟಿದವು. ಮುಂದೆ ಅವರು ‘ಗೀತಾಂಜಲಿ’ಯನ್ನು ಚೀನೀ ಭಾಷೆಗೆ ಅನುವಾದ ಮಾಡಿದರು.

ಬಿಯಾನ್ ಝಿಲಿನ್ ಅವರ 1935ರ ನಾಲ್ಕು ಸಾಲಿನ ಕವಿತೆಯನ್ನು ಬಿಡಬೇಡಿ. ಸೇತುವೆಯ ಮೇಲೆ ನಿಂತು ನೀನು ನೋಟ ನೋಡುತ್ತಿದ್ದೀ, ಮಹಡಿಯ ಮೇಲೆ ನೋಟ ನೋಡುವವರು ನಿನ್ನನ್ನು ನೋಡುತ್ತಿದ್ದಾರೆ. ಚಂದ್ರ ನಿನ್ನ ಕಿಟಕಿಗೆ ಅಲಂಕಾರ, ನೀನು ಇನ್ಯಾರದೋ ಕನಸಿಗೆ. ಆಡುಭಾಷೆ, ಬಿಡಿ ಸಾಲು, ಆದರೆ ಒಳಗೆ ಹಳೆಯ ಎದುರುಬದುರು ಕಟ್ಟು ಹಾಗೇ ಇದೆ. ಹು ಶಿ ಬೇಡ ಅಂದದ್ದು ಹದಿನೆಂಟೇ ವರ್ಷದಲ್ಲಿ ಬೇರೆ ವೇಷದಲ್ಲಿ ಬಂದಿತ್ತು.

ಹೆಜ್ಜೆ 6: ಚಂದ್ರ ಇಲ್ಲದ ರಾತ್ರಿ, ಕಬ್ಬಿಣದ ಚಂದ್ರ

1966ರಿಂದ 1976ರವರೆಗೆ ಸಾಂಸ್ಕೃತಿಕ ಕ್ರಾಂತಿ, ಅಂದರೆ ಹಳೆಯದನ್ನೆಲ್ಲ ಒಡೆದುಹಾಕಲು ಮಾವೋ ಎಬ್ಬಿಸಿದ ಚಳವಳಿ. ಆ ಹತ್ತು ವರ್ಷದಲ್ಲಿ ಬೆಳೆದ ಮಕ್ಕಳು 1978ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ‘ಇಂದು’ ಅನ್ನುವ ಪತ್ರಿಕೆ ಶುರು ಮಾಡಿದರು. ಬೇಯ್ ದಾವ್, ಮಾಂಗ್ ಕೆ ಅದರ ಮುಂದಾಳುಗಳು. ಇವರ ಕವಿತೆ ಮಸುಕು, ಅರ್ಥವಾಗುವುದಿಲ್ಲ ಅಂತ ವಿಮರ್ಶಕರು ಬೈದರು. ‘ಮಸುಕು ಕವಿಗಳು’ ಅನ್ನುವ ಹೆಸರು ಹಾಗೆ ಬಂತು. ಗು ಚೆಂಗ್ (1956–1993) ಅವರ ‘ಒಂದು ಪೀಳಿಗೆ’ ಎರಡೇ ಸಾಲು: ಕಪ್ಪು ರಾತ್ರಿ ನನಗೆ ಕಪ್ಪು ಕಣ್ಣು ಕೊಟ್ಟಿತು, ನಾನು ಅವುಗಳಿಂದ ಬೆಳಕು ಹುಡುಕುತ್ತೇನೆ. ಚಂದ್ರ ಇಲ್ಲ. ಇಷ್ಟು ಹೊತ್ತು ಚಂದ್ರನ ಜೊತೆ ಬಂದವರಿಗೆ ಆ ಖಾಲಿ ಜಾಗ ತಟ್ಟುತ್ತದೆ.

ಇನ್ನೊಂದು ಮೂವತ್ತು ವರ್ಷ ಮುಂದೆ ಬನ್ನಿ. ಶು ಲಿಝಿ (1990–2014) ಶೆನ್‌ಝೆನ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡುತ್ತಾ ಬರೆದವರು. ನಾನು ಕಬ್ಬಿಣದ ಒಂದು ಚಂದ್ರನನ್ನು ನುಂಗಿದೆ, ಅದನ್ನು ಅವರು ಸ್ಕ್ರೂ ಅನ್ನುತ್ತಾರೆ ಅಂತ ಅವರ ಕವಿತೆ ಶುರುವಾಗುತ್ತದೆ. ಕಾರ್ಖಾನೆಯ ಕೊಳಕು ನೀರನ್ನೂ ನುಂಗುತ್ತಾರೆ. ಕೊನೆಗೆ ನುಂಗಿದ್ದೆಲ್ಲ ಗಂಟಲಿನಿಂದ ಹೊರಗೆ ಬರುತ್ತದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು. ಆ ಸಾವಿನ ಸುದ್ದಿಯಾಗಿ ಮಾತ್ರ ಈ ಕವಿತೆಯನ್ನು ಓದಬೇಡಿ, ದಯವಿಟ್ಟು. ಗುವೋ ಅವರ ನಾಯಿ ಸೊಕ್ಕಿನಿಂದ ನುಂಗಿದ ಚಂದ್ರನ ಪಕ್ಕ ಇದನ್ನು ಇಡಿ. ಊರು ಬಿಟ್ಟು ಬಂದವನ ತಲೆಯ ಮೇಲೆ ಲಿ ಬಾಯ್ ಕಾಲದಿಂದ ನಿಂತಿದ್ದ ಚಂದ್ರನ ಪಕ್ಕವೂ ಇಡಿ. ಶು ಲಿಝಿ ಕೂಡ ಊರು ಬಿಟ್ಟು ಬಂದವರೇ. ಪರಂಪರೆಯನ್ನು ಇಷ್ಟು ಚೆನ್ನಾಗಿ ಬಲ್ಲ ಸಾಲನ್ನು ಅವರು ಬರೆದರು ಅನ್ನುವುದು ಮೊದಲು ಕಾಣಬೇಕು.

ಇದೇ ಕ್ರಮದಲ್ಲಿ ಮುಂದಕ್ಕೆ

ಚಂದ್ರ ಮುಗಿದ ಮೇಲೆ ಬೇರೆ ವಸ್ತು ಹಿಡಿಯಿರಿ, ಪ್ರಶ್ನೆ ಅವೇ ಮೂರು. ‘ಎತ್ತರ ಹತ್ತುವುದು’ ಒಳ್ಳೆಯ ವಸ್ತು. ಈಗಿನ ಶೀಆನ್‌ನಲ್ಲಿ ದೊಡ್ಡ ಕಾಡುಬಾತಿನ ಗೋಪುರ ಇದೆ. ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದಿಟ್ಟ, ನಮಗೆ ಶಾಲೆಯ ಪುಸ್ತಕದಿಂದ ಪರಿಚಯ ಇರುವ ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ್ದು. 752ರಲ್ಲಿ ದು ಫು ಮತ್ತು ಗೆಳೆಯರು ಅದನ್ನು ಹತ್ತಿ ಒಬ್ಬೊಬ್ಬರೂ ಕವಿತೆ ಬರೆದರು. ದು ಫು ಅಲ್ಲಿಂದ ಕಂಡದ್ದು ಮಂಜು ಮುಸುಕಿದ, ಒಡೆಯಲಿರುವ ದೇಶವನ್ನು. 1980ರ ದಶಕದಲ್ಲಿ ಹಾನ್ ದೋಂಗ್ ಅದೇ ಗೋಪುರದ ಬಗ್ಗೆ ಬರೆದರು: ಜನ ದೂರದಿಂದ ಬರುತ್ತಾರೆ, ಹತ್ತುತ್ತಾರೆ, ನೋಡುತ್ತಾರೆ, ಇಳಿದು ಬೀದಿಯಲ್ಲಿ ಕಾಣೆಯಾಗುತ್ತಾರೆ. ಈ ಎರಡನ್ನೂ ಒಂದೇ ಸಂಜೆ ಓದಿ.

ಅಗಲಿಕೆಯ ವಸ್ತು ಬೇಕಿದ್ದರೆ ನೀರವಂಜಿ (ವಿಲ್ಲೋ) ಮರ ಹಿಡಿಯಿರಿ. ಊರು ಬಿಡುವವರಿಗೆ ಅದರ ರೆಂಬೆ ಮುರಿದು ಕೊಡುವುದು ಹಳೆಯ ವಾಡಿಕೆ. ತಾಂಗ್ ಕವಿ ವಾಂಗ್ ವೇಯ್ ಗಡಿಗೆ ಹೊರಟ ಗೆಳೆಯನನ್ನು ಬೀಳ್ಕೊಟ್ಟ ನಾಲ್ಕು ಸಾಲಿನಲ್ಲಿ ಮಳೆಯಲ್ಲಿ ತೊಳೆದ ಹಸಿರು ನೀರವಂಜಿ ಇದೆ. 1928ರಲ್ಲಿ ಶು ಝಿಮೋ ಕೇಂಬ್ರಿಜ್‌ಗೆ ವಿದಾಯ ಹೇಳಿದ ಕವಿತೆಯಲ್ಲೂ ಕ್ಯಾಮ್ ನದಿಯ ದಡದಲ್ಲಿ ಬಂಗಾರದ ನೀರವಂಜಿ ಇದೆ, ಅದು ಸಂಜೆಬಿಸಿಲಿನ ಮದುಮಗಳು. ವಾಂಗ್ ವೇಯ್‌ನಿಂದ ಶುರು ಮಾಡಿ.